ದೇವಲಾಪುರ ಮುಟ್ಟದ ಹಗ್ಗ

ನಮ್ಮ ಕಿರಂಗೂರಿನಲ್ಲಿ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ತಿಳಿಯಲು ಕಿಟಕಿಯಲ್ಲಿ ಇಣುಕಬೇಕಾಗಿಲ್ಲ. ಡೇರಿಗೆ ಬರುವ ಹಾಲು ನೋಡಿದರೆ ಸಾಕು. ಗಂಡ ಹೆಂಡತಿ ಜಗಳವಾಡಿದ ಮನೆಯ ಹಾಲು ತಡವಾಗಿ ಬರುತ್ತದೆ. ನೆಂಟರು ಬಂದ ಮನೆಯ ಹಾಲು ಕಡಿಮೆ ಬರುತ್ತದೆ. ನೆಂಟರು ಬಂದೂ ಹಾಲು ಕಡಿಮೆಯಾಗದಿದ್ದರೆ ಅದು ತೆಳ್ಳಗೆ ಬರುತ್ತದೆ. ಹಾಲಿನ ಸೊಸೈಟಿಯ ಸೆಕ್ರೆಟರಿಯಾಗಿ ನಾನು, ನಿಂಗರಾಜು, ಇಷ್ಟು ವರ್ಷದಲ್ಲಿ ಕಲಿತ ವಿದ್ಯೆ ಇದು. ಆದರೂ ಮಂಗಳಮ್ಮನ ಮನೆಯ ಹಾಲು ನೋಡಿ ನನಗೆ ಏನೂ ತಿಳಿಯಲಿಲ್ಲ. ಯಾಕೆಂದರೆ ಅದು ಒಂದು ದಿನವೂ ತಡವಾಗಲಿಲ್ಲ, ಒಂದು ದಿನವೂ ತೆಳ್ಳಗಾಗಲಿಲ್ಲ.

ಮಂಗಳಮ್ಮ ನಮ್ಮ ಬೀದಿಯ ತಮ್ಮಯ್ಯನ ಹೆಂಡತಿ. ತವರು ಪಾಂಡವಪುರದ ಪಕ್ಕದ ಹಳ್ಳಿ. ಐವತ್ತು ದಾಟಿದ ಹೆಂಗಸು. ಮಾತು ಕಡಿಮೆ, ಆಡಿದರೆ ಮಾತ್ರ ಎದುರಿಗಿದ್ದವರಿಗೆ ಆ ಹೊತ್ತು ಬೇರೆ ಊಟ ಬೇಡ. ದೇವರು ಅವಳಿಗೆ ಅಗಲವಾದ ಅಂಗೈ, ಗಿಡ್ಡ ಬೆರಳು ಕೊಟ್ಟಿದ್ದಾನೆ. ಆ ಕೈ ಎರಡು ಕೆಲಸಕ್ಕೆ ಹೆಸರಾಗಿತ್ತು. ಒಂದು ಹಾಲು ಕರೆಯುವುದು, ಇನ್ನೊಂದು ಮುದ್ದೆ ಕಟ್ಟುವುದು. ಅವಳ ಮುದ್ದೆಯಲ್ಲಿ ಗಂಟಿರುವುದಿಲ್ಲ, ಬಿರುಕಿರುವುದಿಲ್ಲ. ಸಾರಿಗೆ ಅದ್ದಿ ಬಾಯಿಗಿಟ್ಟರೆ ದಾರಿ ಗೊತ್ತಿರುವಂತೆ ಇಳಿದು ಹೋಗುತ್ತದೆ.

ಮುದ್ದೆ ಅಷ್ಟು ಚೆನ್ನಾಗಿ ಬಂದದ್ದೇ ಅವಳಿಗೆ ಮುಳುವಾಯಿತು. ತಮ್ಮಯ್ಯನ ಅಕ್ಕ ಪುಟ್ಟತಾಯಮ್ಮನನ್ನು ನಾಗಮಂಗಲದ ಕಡೆ ದೇವಲಾಪುರಕ್ಕೆ ಕೊಟ್ಟಿದ್ದರು. ಆ ಮನೆಯಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಬೀಗರೂಟವಾಗಲಿ, ಮೊದಲು ಹೊರಡುತ್ತಿದ್ದ ಮಾತು, ‘ಮಂಗಳಂಗೆ ಏಳಿ ಕಳ್ಸಿ’ ಎಂಬುದು. ಅದನ್ನು ಕರೆಯೋಲೆ ಎಂದು ತಿಳಿಯಬೇಡಿ. ಕರೆಯೋಲೆ ತಮ್ಮಯ್ಯನಿಗೆ, ಅವನಿಗೆ ಮುಂದಿನ ಬಾಗಿಲು, ಚಾಪೆ, ಎಲೆಯಡಿಕೆ. ಮಂಗಳಮ್ಮನಿಗೆ ಕರೆ ಬರುತ್ತಿದ್ದದ್ದು ಹಿತ್ತಿಲಿಗೆ. ಎಲ್ಲರಿಗಿಂತ ಮೊದಲು ಹೋಗಿ ಒಲೆ ಹೂಡಬೇಕು, ಎಲ್ಲರೂ ಹೊರಟ ಮೇಲೆ ಕೊಪ್ಪರಿಗೆ ಉಜ್ಜಿ ಬರಬೇಕು. ನಡುವೆ ಊರಿಗೆಲ್ಲ ಮುದ್ದೆ. ಹೋಗಿಬಂದರೆ ಒಂದು ವಾರ ಅವಳ ಭುಜ ಎತ್ತಲು ಬರುತ್ತಿರಲಿಲ್ಲ. ತಮ್ಮಯ್ಯ ಹೆಮ್ಮೆಯಿಂದ, “ನಮ್ಮಕ್ಕಂಗೆ ಇವಳ ಕೈದೇ ಆಗ್ಬೇಕು” ಎನ್ನುತ್ತಿದ್ದ.

ಅಂಥವಳು ದೇವಲಾಪುರಕ್ಕೆ ಹೋಗುವುದನ್ನು ನಿಲ್ಲಿಸಿದ್ದು ಹಸುವಿನಿಂದ. ತಂದೆ ತೀರಿಕೊಂಡ ವರ್ಷ ಅವಳ ಅಣ್ಣ ತವರಿನ ಕೊಟ್ಟಿಗೆಯಿಂದ ಒಂದು ಹೆಣ್ಣುಗರು ಹೊಡೆದುಕೊಂಡು ಬಂದು ಕಟ್ಟಿ ಹೋದ. ಅದು ಹಸುವಾಯಿತು, ಈಯಿತು, ಒಂದು ಗುಣ ತೋರಿಸಿತು. ತಮ್ಮಯ್ಯ ಕೈ ಹಾಕಿದರೆ ಹಾಲು ಇಳಿಸುವುದಿಲ್ಲ, ಒದೆಯುತ್ತದೆ. ಮಂಗಳಮ್ಮ ಕೂತರೆ ಮಾತ್ರ ಕೆಚ್ಚಲು ಸಡಿಲಿಸಿ ಬಿಡುತ್ತದೆ. ಆ ಹಸುವಿನ ಮಗಳಿಗೂ ಅದೇ ಗುಣ. ಈಗಿರುವುದು ಮೊಮ್ಮಗಳು, ಹೆಸರು ಚುಕ್ಕಿ. ಅಜ್ಜಿಗಿಂತ ಒಂದು ಕೈ ಮೇಲೆ.

ಬೇರೆ ಹೆಂಗಸರು ಬಂದು ಕರೆದುಕೊಡಬಹುದಲ್ಲ ಎಂದು ನೀವು ಕೇಳಬಹುದು. ಅದೇ ಹೊತ್ತಿಗೆ ಅವರವರ ಮನೆಯಲ್ಲಿ ಅವರವರ ಹಸು. ನಮ್ಮೂರಲ್ಲಿ ಹೆಂಡತಿ ತವರಿಗೆ ಹೋದರೆ ಗಂಡನೇ ಅವಳ ಹಳೆಯ ಸೀರೆ ಮೈಮೇಲೆ ಹೊದ್ದು, ಸೆರಗು ತಲೆಗೆಳೆದು ಕರೆಯಲು ಕೂರುತ್ತಾನೆ. ಹಸು ಸೀರೆಯ ವಾಸನೆಗೆ ಮೋಸಹೋಗಿ ಹಾಲು ಕೊಡುತ್ತದೆ. ಈ ವೇಷ ಹಾಕದ ಗಂಡಸು ಊರಲ್ಲಿಲ್ಲ. ಹಾಕಿದ್ದೆ ಎಂದು ಒಪ್ಪುವ ಗಂಡಸೂ ಇಲ್ಲ. ತಮ್ಮಯ್ಯನೂ ಒಂದು ಸಲ ಹಾಕಿದ. ಆದರೆ ಅವನು ಹುಟ್ಟಿದಾಗಿನಿಂದ ಹೆಗಲ ಮೇಲಿನ ಟವಲು ಇಳಿಸಿದವನಲ್ಲ. ಸೀರೆ ಹೊದ್ದದ್ದು ಟವಲಿನ ಮೇಲೆಯೇ. ಚುಕ್ಕಿ ತಿರುಗಿ ಮೂಸಿ ನೋಡಿತು. ಆಮೇಲೆ ನಾವೆಲ್ಲ ನೋಡಿದ್ದು, ಹೂವಿನ ಸೀರೆ ಹೊದ್ದ ತಮ್ಮಯ್ಯ ತಿಪ್ಪೆಯ ಮೇಲೆ ಕುಳಿತಿರುವುದನ್ನು. ಗಾಳಿ ಎಳೆದು ಹಾಲು ಕರೆಯುವ ಮಿಷಿನ್ನನ್ನೂ ತಂದು ನೋಡಿದ. ಮಿಷಿನ್ನಿನ ಕೊಳವೆ ಹಾಕಬೇಕಾದವನು ಅವನೇ ತಾನೆ? ಅದೂ ತಿಪ್ಪೆ ಸೇರಿತು.

ಹಾಗಾಗಿ ಮಂಗಳಮ್ಮ ಮನೆಬಿಟ್ಟು ಒಂದು ರಾತ್ರಿ ಆಚೆ ಇರುವಂತಿರಲಿಲ್ಲ. ಬೆಳಿಗ್ಗೆ ಹಾಲು ಹಾಕಿ ಬಸ್ಸು ಹತ್ತಿದರೆ ಸಂಜೆ ಹಾಲಿಗೆ ವಾಪಸ್ಸು ಇರಬೇಕು. ಅಷ್ಟು ಹೊತ್ತಿನಲ್ಲಿ ಪಾಂಡವಪುರಕ್ಕೆ ಹೋಗಿ, ತಾಯಿಯ ತಲೆಗೆ ಎಣ್ಣೆ ಹಚ್ಚಿ, ಅಣ್ಣನ ಮನೆಯಲ್ಲಿ ಉಂಡು, ಒಂದು ಗಳಿಗೆ ಒರಗಿ ಬರಬಹುದು. ಈಗಂತೂ ಹೆಂಗಸರಿಗೆ ಟಿಕೆಟ್ಟೂ ಇಲ್ಲ. ಆದರೆ ದೇವಲಾಪುರಕ್ಕೆ ಹೋಗಿ ಊರಿಗೆಲ್ಲ ಮುದ್ದೆ ಕಟ್ಟಿ ಬರಲು ಆಗುವುದಿಲ್ಲ. ಚುಕ್ಕಿಯ ಹಗ್ಗ ಪಾಂಡವಪುರ ಮುಟ್ಟುತ್ತಿತ್ತು, ದೇವಲಾಪುರ ಮುಟ್ಟುತ್ತಿರಲಿಲ್ಲ. ಮಂಗಳಮ್ಮನಿಗೆ ಬೇಕಾಗಿದ್ದದ್ದೂ ಸರಿಯಾಗಿ ಅಷ್ಟೇ ಉದ್ದದ ಹಗ್ಗ. ಈ ಮಾತು ನನಗೆ ತಿಳಿದದ್ದು ಕೊನೆಗೆ. ಅಲ್ಲಿಯವರೆಗೆ ಊರಿನ ಜೊತೆ ನಾನೂ, ‘ಪಾಪ, ಹಸುವಿಗೆ ಕಟ್ಟಿಬಿದ್ದ ಜೀವ’ ಎಂದು ಲೊಚಗುಟ್ಟುತ್ತಿದ್ದೆ.

ಅವಳ ಪ್ರೀತಿಯಾದರೂ ಎಂಥದ್ದು! ಕರೆದು ಮುಗಿಸಿ ಪಾತ್ರೆ ಎತ್ತಿಟ್ಟ ಮೇಲೆ, ತಮ್ಮಯ್ಯ ಬೆವರೊರೆಸಿ ಗೂಟಕ್ಕೆ ಸಿಕ್ಕಿಸಿದ ಇನ್ನೊಂದು ಟವಲನ್ನು ತೆಗೆದು ಹಸುವಿನ ಬೆನ್ನ ಮೇಲೆ ಹೊದಿಸುತ್ತಿದ್ದಳು. ಬಗ್ಗಿ ಕೆಚ್ಚಲ ಪಕ್ಕ ಒಂದು ಸಲ ಕೈಯಾಡಿಸುತ್ತಿದ್ದಳು. ಗಂಡನ ಟವಲು ಹಸುವಿಗೆ! ಗಂಡನ ಮೇಲೂ ಅಕ್ಕರೆ, ಹಸುವಿನ ಮೇಲೂ ಅಕ್ಕರೆ ಎಂದು ನಾನೇ ಡೇರಿಯಲ್ಲಿ ನಿಂತು ಜನಕ್ಕೆ ಬಣ್ಣಿಸಿದ್ದೇನೆ.

ಹೀಗಿರುವಾಗ ಕೆ.ಆರ್. ಪೇಟೆಯ ಹುಡುಗಿ ಅಕ್ಷಿತಾ ನಮ್ಮ ಡೇರಿಗೆ ಬಂದಳು. ಮೈಸೂರಿನ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ಕಾರಿನ ಹಿಂದೆ, ಚಕ್ರದ ಸ್ಟ್ಯಾಂಡಿನ ಮೇಲೆ, ಒಂದು ಕೈ ಇತ್ತು. ಮೊಣಕೈಯಿಂದ ಈಚೆಗೆ ಥೇಟ್ ಮನುಷ್ಯರ ಕೈ, ಮೇಲೆ ಬೂದುಬಣ್ಣದ ರಬ್ಬರಿನಂಥ ಚರ್ಮ.

“ಇದ್ಕೆ ಮುಟ್ಟುದ್ರೆ ಗೊತ್ತಾಯ್ತದೆ ಸಾರ್” ಎಂದಳು. “ಚರ್ಮದೊಳ್ಗೆ ಸಣ್ಣ ಸಣ್ಣ ಕಣ್ಣಂಗಿದಾವೆ. ನಮ್ಮ ನರ ಮಾಡ್ತದಲ್ಲ, ಅಂಗೇ. ಏನಾರ ಬದ್ಲಾದ್ರೆ ಮಾತ್ರ ಮಿಡೀತವೆ, ಇಲ್ದಿದ್ರೆ ಸುಮ್ಗಿರ್ತವೆ. ಈಗ ನಿಮ್ ಮೈಮೇಲೆ ಅಂಗಿ ಐತೆ ಅಂತ ನಿಮ್ಗೆ ನೆನಪಿತ್ತಾ? ಇರ್ನಿಲ್ಲ. ಇರುವೆ ಅತ್ತುದ್ರೆ ನೆನಪಾಯ್ತದೆ. ಒಳ್ಗಿರೋ ಕಂಪ್ಯೂಟ್ರು ಚಿಪ್ಪೂ ಅಂಗೇ, ಮೆದುಳು ಕೆಲ್ಸ ಮಾಡೋ ರೀತೀಲೇ ಮಾಡಿರೋದು. ಬೇರೆ ಕಂಪ್ಯೂಟ್ರಂಗೆ ಯಾವಾಗ್ಲೂ ಲೆಕ್ಕ ಹಾಕ್ತಾ ಕೂತಿರಲ್ಲ. ಅದ್ಕೇ ಕರೆಂಟು ಕಮ್ಮಿ, ಬ್ಯಾಟ್ರೀಲೇ ನಡೀತದೆ.”

ಏನೂ ಬದಲಾಗದಿದ್ದರೆ ಸುಮ್ಮನಿರುವುದೇ ಬುದ್ಧಿಯಾದರೆ ನಮ್ಮ ಸೊಸೈಟಿಯ ನಿರ್ದೇಶಕರೆಲ್ಲ ಮಹಾ ಬುದ್ಧಿವಂತರು ಎಂದುಕೊಂಡೆ. ಬಾಯಲ್ಲಿ ಹೇಳಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಇಷ್ಟು. ಚೆನ್ನಾಗಿ ಹಾಲು ಕರೆಯುವವರು ಒಬ್ಬರು ಅದೇ ಚರ್ಮದಿಂದ ಮಾಡಿದ ತೆಳು ಗ್ಲೌಸು ಹಾಕಿಕೊಂಡು ದಿನಾ ಕರೆಯಬೇಕು. ಎಲ್ಲಿ ಒತ್ತಿದರು, ಎಲ್ಲಿ ಬಿಟ್ಟರು, ಯಾವುದರ ಹಿಂದೆ ಯಾವುದು ಎಂಬುದನ್ನು ಚಿಪ್ಪು ಕಲಿಯುತ್ತದೆ. ಒಂದು ದಿನ ಆಗಿ ಇನ್ನೊಂದು ದಿನ ಆಗದೆ ಇದ್ದದ್ದನ್ನು ಮರೆಯುತ್ತದೆ. ದಿನವೂ ಆಗುವುದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ಯಂತ್ರದ ಕೈ ತಾನೇ ಕರೆಯುತ್ತದೆ.

ನನಗೆ ಆ ಕ್ಷಣವೇ ಮಂಗಳಮ್ಮ ನೆನಪಾದಳು. ಪರೀಕ್ಷೆ ಮಾಡುವುದಾದರೆ ಚುಕ್ಕಿಯಂಥ ಹಸುವಿನ ಮೇಲೆ ಮಾಡಬೇಕು. ಗೆದ್ದರೆ ಒಂದು ಹೆಂಗಸಿನ ಸೆರೆ ಬಿಡಿಸಿದ ಪುಣ್ಯ. ನಾನೇ ಮುಂದೆ ನಿಂತು ಕರೆದುಕೊಂಡು ಹೋದೆ. ವಿಷಯ ಕೇಳಿದ ಮಂಗಳಮ್ಮ ನನ್ನನ್ನು, ನೀರು ಬೆರೆತ ಹಾಲನ್ನು ನಾನು ನೋಡುವ ಹಾಗೆ ನೋಡಿದಳು.

“ನಿನ್ನ ಯಾರಪ್ಪ ಕೇಳುದ್ರು?”

“ಅಲ್ಲ ಮಂಗಳಕ್ಕ, ನೀನೂ ನಾಕ್ ದಿನ ಎಲ್ಲಾರ ಓಗಿ ಬರ್ಬೋದಲ್ಲ ಅಂತ.”

ಅವಳು ಬಾಯಿ ತೆರೆಯುವ ಮೊದಲೇ ತಮ್ಮಯ್ಯ ಕುಣಿದಾಡಿಬಿಟ್ಟ. “ಬಂಗಾರದಂತ ಮಾತು ಕಣ್ಲಾ ನಿಂಗ್ರಾಜು! ನಮ್ಮಕ್ಕನ ಮೊಮ್ಮಗನ ಮದ್ವೆ ಐತೆ, ಬೀಗರೂಟ ಐತೆ. ಮಂಗಳ ಬಂದು ಮುದ್ದೆ ಕಟ್ಟಿ ವರ್ಸಗಟ್ಲೆ ಆಯ್ತು ಅಂತ ಅಕ್ಕ ಕೊರಗ್ತಾವ್ಳೆ.”

ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಮಂಗಳಮ್ಮ ಕೊಟ್ಟಿಗೆಯ ಕಡೆ ತಿರುಗಿ ಚುಕ್ಕಿಯನ್ನೇ ನೋಡುತ್ತ, “ಕಲೀಲಿ ಬುಡಿ” ಎಂದಳು. “ಕಲ್ತು ಏನ್ ಮಾಡ್ತದೆ. ಬುಡೋದು ಬುಡ್ದಿರೋದು ಅಸೀಗೆ ಸೇರಿದ್ದು.” ಹಸುವಿನ ಒದೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಆಮೇಲಿನ ದಿನಗಳಲ್ಲಿ ಅಕ್ಷಿತಾ ಮನೆಮಗಳೇ ಆಗಿಬಿಟ್ಟಳು. ಅವಳ ಮನೆಯಲ್ಲೂ ಹಸುಗಳಿದ್ದುದರಿಂದ ಸಗಣಿ ಕಂಡು ಮೂಗು ಮುಚ್ಚುವ ಹುಡುಗಿಯಲ್ಲ. ಮಂಗಳಮ್ಮ ಗ್ಲೌಸು ಹಾಕಿ ಕರೆಯುವಳು, ಇವಳು ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಚುಕ್ಕೆಗಳು ಮೂಡುವುದನ್ನು ನೋಡುವಳು. ಒಂದೊಂದು ಮಿಡಿತಕ್ಕೆ ಒಂದೊಂದು ಚುಕ್ಕೆ. ಕರೆಯುವಾಗ ಸೋನೆ ಮಳೆಯ ಹಾಗೆ ಒಂದೇ ಲಯದಲ್ಲಿ ಬೀಳುತ್ತಿದ್ದವು. ಪಾತ್ರೆ ಎತ್ತಿದ ಮೇಲೆ ಮಿಷಿನ್ನಿನ ಕೆಲಸವೂ ಮುಗಿಯಿತು ಎಂಬುದು ಮಂಗಳಮ್ಮನ ಲೆಕ್ಕ. ಗ್ಲೌಸಿನ ಕೈಯಲ್ಲೇ ಟವಲು ಹೊದಿಸಿ, ಕೈಯಾಡಿಸಿ, ಆಮೇಲೆ ಗ್ಲೌಸು ಕಳಚುತ್ತಿದ್ದಳು. ಆಗ ಪರದೆಯ ಮೇಲೆ ಹೆಬ್ಬೆರಳು ತೋರುಬೆರಳಿನ ಜಾಗದಲ್ಲಿ ಚುಕ್ಕೆಗಳ ಒಂದು ಗುಂಪು ದಪ್ಪಗೆ ಮೂಡಿ ಮಾಯವಾಗುತ್ತಿತ್ತು. ಗ್ಲೌಸು ಕಳಚುವಾಗಿನ ಎಳೆದಾಟ ಎಂದು ಅಕ್ಷಿತಾ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಯಂತ್ರದ ಕೈಯನ್ನು ಮೊದಲ ಸಲ ಚುಕ್ಕಿಯ ಹತ್ತಿರ ತಳ್ಳಿದ ದಿನ ಮಂಗಳಮ್ಮ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಚುಕ್ಕಿ ತಿರುಗಿ ಮೂಸಿತು. ಕೈಗೆ ತೊಡಿಸಿದ್ದದ್ದು ಮಂಗಳಮ್ಮ ಹಾಕಿ ಹಾಕಿ ಹಳೆಯದಾದ ಗ್ಲೌಸು. ಚುಕ್ಕಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಕೈ ಮೆಲ್ಲಗೆ ಸವರಿತು, ತಡವಿತು, ಹಿಡಿಯಿತು. ಮೊದಲ ಧಾರೆ ಪಾತ್ರೆಗೆ ಬಿದ್ದ ಸದ್ದಿಗೆ ತಮ್ಮಯ್ಯ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ. ಮಂಗಳಮ್ಮನ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಇಷ್ಟು ವರ್ಷದ ಸಖ್ಯ, ಹಸು ಇನ್ನೊಬ್ಬರ ಪಾಲಾದದ್ದಕ್ಕೆ ಸಂಕಟ ಎಂದು ನಾನು ಸಮಾಧಾನ ಮಾಡಲು ಹೋದೆ.

“ಬೇಜಾರ್ ಮಾಡ್ಕಬ್ಯಾಡ ಮಂಗಳಕ್ಕ, ಅಸ ನಿಂದೇ.”

“ಓಗಿ ನಿನ್ ಕ್ಯಾನು ತೊಳ್ಕ ಓಗು” ಎಂದಳು.

ತಮ್ಮಯ್ಯ ಅಲ್ಲೇ ನಿಂತು ದೇವಲಾಪುರಕ್ಕೆ ಫೋನು ಮಾಡಿದ. ಕೊಟ್ಟಿಗೆಯವರೆಗೂ ಪುಟ್ಟತಾಯಮ್ಮನ ದನಿ ಕೇಳುತ್ತಿತ್ತು. “ಇನ್ನೇನು ನೆಪ ಇಲ್ವಲ್ಲ. ನಾನೇ ಬಂದು ಕರ್ಕಂಡ್ ಬತ್ತೀನಿ.”

ಹೇಳಿದಂತೆಯೇ ಬಂದಿಳಿದಳು. ಎಪ್ಪತ್ತು ದಾಟಿದರೂ ಬೆನ್ನು ಬಾಗದ ಮುದುಕಿ, ಕಂಕುಳಲ್ಲಿ ಚೀಲ, ಕಣ್ಣು ಮಾತ್ರ ಹದ್ದಿನದು. ಅಂದು ಸಂಜೆ ಊರವರಿಗೆಲ್ಲ ಯಂತ್ರದ ಕೈ ತೋರಿಸುವುದು ಎಂದು ಗೊತ್ತಾಗಿತ್ತು. ಮಾರನೆಯ ಬೆಳಿಗ್ಗೆ ಮಂಗಳಮ್ಮ ಅತ್ತಿಗೆಯ ಜೊತೆ ಹೊರಡುವುದು ಎಂದೂ ಗೊತ್ತಾಗಿತ್ತು. ಒಳಗೆ ಅವಳ ಬಟ್ಟೆಯನ್ನು ತಮ್ಮಯ್ಯನೇ ಚೀಲಕ್ಕೆ ತುಂಬಿಟ್ಟಿದ್ದ. ಮದುವೆಯಾದ ಮೇಲೆ ಅವನು ಹೆಂಡತಿಗಾಗಿ ಮಾಡಿದ ಮೊದಲ ಕೆಲಸ ಅದು.

ಕೊಟ್ಟಿಗೆಯ ಮುಂದೆ ಗಂಡಸರ ಜಾತ್ರೆ. ಪಕ್ಕದ ಮನೆಯ ಕುಳ್ಳಯ್ಯ ಎಲ್ಲರಿಗಿಂತ ಮುಂದೆ. ತಮ್ಮಯ್ಯ ಹೊಸ ಪಂಚೆ ಉಟ್ಟು, ಹೆಗಲ ಮೇಲೆ ಯಥಾಪ್ರಕಾರ ಟವಲು ಹಾಕಿ, ಯಂತ್ರವನ್ನು ತಾನೇ ಹೆತ್ತವನಂತೆ ಚುಕ್ಕಿಯ ಹಿಂದುಗಡೆ ಸ್ವಲ್ಪ ದೂರದಲ್ಲಿ ನಿಂತಿದ್ದ. ಅಕ್ಷಿತಾ ಕೈಯನ್ನು ಸರಿಯಾಗಿ ನಿಲ್ಲಿಸಿದಳು.

“ದಿನಾ ಆಲು ನಿಂತ ತಕ್ಷಣ ನಾನೇ ಸ್ವಿಚ್ಚು ಆರುಸ್ತಿದ್ದೆ” ಎಂದಳು. “ಇವತ್ತು ಮುಟ್ಟಕಿಲ್ಲ. ಮುಗೀತು ಅಂತ ಅದ್ಕೇ ಗೊತ್ತಾಗಿ ಅದೇ ನಿಲ್ಲುಸ್ತದೆ, ನೋಡಿ.”

ಕೈ ಕರೆಯಿತು. ಸುಳ್ಳು ಹೇಳಬಾರದು, ಸೊಗಸಾಗಿ ಕರೆಯಿತು. ನೊರೆ ಎದ್ದು ಪಾತ್ರೆ ತುಂಬಿತು. ಹಾಲು ನಿಂತದ್ದು ಅದಕ್ಕೆ ತಾನಾಗಿ ತಿಳಿಯಿತು, ಬೆರಳು ಸಡಿಲಿಸಿತು. ನಾನು ಪಾತ್ರೆ ಎತ್ತಿಕೊಂಡೆ. ಜನ ಇನ್ನೇನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಆ ಕೈ ಒಂದು ಗಳಿಗೆ ನಿಂತು, ಮೆಲ್ಲಗೆ ಪಕ್ಕಕ್ಕೆ ಸರಿದು, ಕೆಚ್ಚಲಿನ ಬದಿಯ ಮೆತ್ತನೆ ಚರ್ಮವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ರಪ್ಪನೆ ಚಿವುಟಿತು.

ಚುಕ್ಕಿ ಒದೆಯಿತು. ಪಕ್ಕದಲ್ಲೇ ಇದ್ದ ಯಂತ್ರವನ್ನಲ್ಲ. ಹಿಂದೆ ಸರಿದು, ಹುಡುಕಿಕೊಂಡು ಹೋಗಿ ಒದ್ದಂತೆ ತಮ್ಮಯ್ಯನನ್ನು ಒದೆಯಿತು. ಹೊಸ ಪಂಚೆಯ ಸಮೇತ ತಮ್ಮಯ್ಯ ತನ್ನ ಹಳೆಯ ಜಾಗಕ್ಕೆ, ತಿಪ್ಪೆಗೆ, ಹೋಗಿ ಬಿದ್ದ.

ಅಕ್ಷಿತಾ ಓಡಿಬಂದು ಸ್ವಿಚ್ಚು ಆರಿಸಿದಳು. ಅವಳ ಮುಖ ಬೆಳ್ಳಗಾಗಿತ್ತು. “ಇದು ನಾನ್ ಕಲ್ಸಿದ್ದಲ್ಲ ಸಾರ್. ಗ್ಲೌಸು ಕಳಚೋವಾಗಿಂದು ಅನ್ಕಂಡಿದ್ದೆ. ದಿನಾ ತಪ್ದೆ ಆಗಿದ್ರೆ ಮಾತ್ರ ಇಷ್ಟ್ ಗಟ್ಟಿಯಾಗಿ ಇಡ್ಕಳೋದು ಇದು...” ಎನ್ನುತ್ತ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಮಂಗಳಮ್ಮನ ಕಡೆ ನೋಡಿದಳು. ಎಲ್ಲರೂ ಆ ಕಡೆಯೇ ನೋಡಿದರು. ಮಂಗಳಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

ಮೊದಲು ಬಾಯಿ ಬಿಟ್ಟವನು ಕುಳ್ಳಯ್ಯ. “ಸಿಕ್ತು ಕಣ್ರಲಾ ಗುಟ್ಟು!” ಎಂದು ತೊಡೆ ತಟ್ಟಿಕೊಂಡ. “ಅದ್ಕೇ ಇವ್ರ ಅಸ ಇಷ್ಟ್ ಆಲು ಕೊಡೋದು! ಇವತ್ತು ಚಿವುಟುದ್ರೆ ನಾಳೀಕೆ ಜಾಸ್ತಿ ಇಳೀತದೆ! ಯಾರ್ಗೂ ಏಳ್ದೆ ಮಡಿಕಂಡಿದ್ಲು ನೋಡ್ರಲಾ!”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಎಲ್ಲರೂ ಹೂಂಗುಟ್ಟಿದರು. ತಿಪ್ಪೆಯಿಂದ ಎದ್ದು ಬಂದ ತಮ್ಮಯ್ಯ ಸೊಂಟ ಹಿಡಿದುಕೊಂಡು, “ನಂಗೂ ಏಳಿಲ್ವಲ್ಲೇ” ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆಯೇ ಇತ್ತು. ಆ ವಾರ ನಮ್ಮೂರಿನ ಗಂಡಸರೆಲ್ಲ ಕದ್ದುಮುಚ್ಚಿ ತಮ್ಮ ತಮ್ಮ ಹಸು ಚಿವುಟಿದರು. ಡೇರಿಯಲ್ಲಿ ಹಾಲು ಕಡಿಮೆಯಾಯಿತು, ಕುಂಟುವವರು ಜಾಸ್ತಿಯಾದರು. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೋಸಹೋಗದೆ ಉಳಿದವಳು ಪುಟ್ಟತಾಯಮ್ಮ ಒಬ್ಬಳೇ. ಅವಳು ತಮ್ಮನ ಹೆಗಲಿನ ಟವಲು ಎಳೆದುಕೊಂಡಳು. ಚುಕ್ಕಿಯ ಮೂಗಿನ ಹತ್ತಿರ ಹಿಡಿದಳು. ಹಸುವಿನ ಮೈಚರ್ಮ ಅದುರಿತು, ಹಿಂಗಾಲು ಮೇಲೆದ್ದಿತು. ಟವಲನ್ನು ದೂರ ಎಸೆದು, ಕುಕ್ಕರಗಾಲಿನಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದಳು. ಚುಕ್ಕಿ ಅಲುಗಲಿಲ್ಲ. ಮುದುಕಿಯ ಅಂಗೈ ಮೇಲೆ ಉಳಿದಿದ್ದ ಒಂದು ಧಾರೆ ಹಾಲು ಬಿತ್ತು. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

“ಗಂಡಸ್ರೆಲ್ಲ ಒಸಿ ಆಚ್ಗೆ ನಡೀರಿ. ಮಗಾ ಅಕ್ಷಿತಾ, ಇವರ್ಗೆಲ್ಲ ಕಾಪಿ ಕೊಡು ಓಗು” ಎಂದಳು.

ಎಲ್ಲರೂ ಹೋದರು. ನಾನು ಹೋಗಲಿಲ್ಲ. ಹಾಲು ಅಳೆಯಬೇಕಿತ್ತು. ಅಳೆಯುವವನನ್ನು ನಮ್ಮೂರಲ್ಲಿ ಯಾರೂ ಗಂಡಸು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಟವಲ್ ಬೆನ್ ಮ್ಯಾಲೆ ಆಕಿ ಚಿವುಟ್ತಿದ್ದೆ. ಅವುನ್ ವಾಸ್ನೆ ಬಂದ್ರೆ ಒದೀಲಿ ಅಂತ. ಅಲ್ವೇನೆ?” ಪುಟ್ಟತಾಯಮ್ಮ ಕೇಳಿದಳು.

ಮಂಗಳಮ್ಮ ತಲೆ ಎತ್ತಲಿಲ್ಲ.

“ಎಷ್ಟ್ ವರ್ಸದಿಂದ?”

“ನಮ್ಮಪ್ಪ ಸತ್ತಾಗಿಂದ ಅತ್ಗೆ.”

ಮಂಗಳಮ್ಮ ಈಗ ತಲೆ ಎತ್ತಿದ್ದಳು. ದನಿಯಲ್ಲಿ ಅಳುವಿರಲಿಲ್ಲ, ಅಡುಗೆ ಎಷ್ಟಾಯಿತು ಎಂದು ಹೇಳುವ ದನಿಯದು.

“ನಿಮ್ಮ ಒಸಾ ಮನೆ ಗೃಹಪ್ರವೇಸ. ಅಪ್ಪ ಓಗ್ಬುಟ್ರು ಅಂತ ನಮ್ಮಣ್ಣ ಬೆಳಿಗ್ಗೇನೇ ಆಳು ಕಳ್ಸಿದ್ನಂತೆ. ನಂಗೆ ಏಳಿದ್ದು ಕೊನೇ ಪಂಕ್ತಿ ಎದ್ದ ಮ್ಯಾಕೆ. ಅಲ್ಲೀಗಂಟ ಆ ಆಳು ನಿಮ್ಮ ಜಗುಲಿ ಮ್ಯಾಲೆ ಕೂತು ನಾನ್ ಕಟ್ಟಿದ ಮುದ್ದೇನೇ ಉಂಡ. ನಾನ್ ಓಗೋಷ್ಟ್ರಲ್ಲಿ ಮಣ್ಣು ಮಾಡ್ಬುಟ್ಟಿದ್ರು. ಮಖ ನೋಡ್ನಿಲ್ಲ ನಾನು.”

ನನ್ನ ಕೈಯಲ್ಲಿದ್ದ ಹಾಲಿನ ಅಳತೆ ತಪ್ಪಿತು. ಇಷ್ಟು ವರ್ಷ ಪಾಪ ಪಾಪ ಎಂದವನು ನಾನು, ಪಾಪ ಯಾವುದೆಂದು ತಿಳಿದದ್ದು ಆಗ. ಹಾಲನ್ನು ಮತ್ತೆ ಮೊದಲಿನಿಂದ ಅಳೆದೆ.

“ಅವಳ್ಗೆ ಈಗ್ಲೇ ಏಳ್ಬೇಡಿ, ಮುದ್ದೆ ಕೆಟ್ಟೋಯ್ತದೆ ಅಂದೋಳು ನಾನೇ ಕಣೆ” ಎಂದಳು ಪುಟ್ಟತಾಯಮ್ಮ. ಚುಕ್ಕಿಯ ಕಡೆ ನೋಡಿಕೊಂಡು ಹೇಳಿದಳು.

“ಗೊತ್ತು ಅತ್ಗೆ” ಎಂದಳು ಮಂಗಳಮ್ಮ.

ಮುದುಕಿ ನನ್ನ ಭುಜ ಹಿಡಿದು ಎದ್ದು ನಿಂತಳು. ಸೆರಗಿನಿಂದ ಅಂಗೈ ಒರೆಸಿಕೊಂಡು ಹೊರಗೆ ಬಂದಾಗ ದನಿ ಮೊದಲಿನಂತೆಯೇ ಜೋರಾಗಿತ್ತು. “ಲೋ ತಮ್ಮಯ್ಯ! ಚಿವುಟೋ ಮಿಷಿನ್ ನಂಬ್ಕಂಡು ಅಸ ಬುಟ್ಟು ಬರಕ್ ಆಯ್ತದೇನ್ಲಾ? ಬುದ್ಧಿ ಐತಾ ನಿಂಗೆ? ಮಂಗಳ ಇಲ್ಲೇ ಇರ್ಲಿ. ಬೀಗರೂಟದ ಅಡ್ಗೆ ನಾನು ಕಂಟ್ರಾಕ್ಟಿಗೆ ಕೊಡ್ತೀನಿ.”

“ಅಲ್ಲ ಅಕ್ಕ, ಮುದ್ದೆ...”

“ಮುದ್ದೇನೂ ಕಂಟ್ರಾಕ್ಟು” ಎಂದು ಬಸ್ಸಿನ ಹೊತ್ತು ವಿಚಾರಿಸಿದಳು. ಹತ್ತುವ ಮುಂಚೆ ಮಂಗಳಮ್ಮನಿಗೆ ಮಾತ್ರ ಕೇಳುವಂತೆ, “ನೀನು ಉಣ್ಣಕ್ ಬಾ” ಎಂದಳು.

ಅಕ್ಷಿತಾ ತನ್ನ ಯಂತ್ರದ ಕೈಗೆ ಆ ಕೊನೆಯ ಚಿವುಟು ಮರೆಯುವಂತೆ ಮಾಡಿ, ಅರಕೆರೆಯ ಕಡೆಯ ಬೇರೆ ಹಸುಗಳ ಮೇಲೆ ಪರೀಕ್ಷೆ ಮುಂದುವರಿಸಿದ್ದಾಳೆ. ಅಲ್ಲಿ ಚೆನ್ನಾಗಿ ನಡೆಯುತ್ತಿದೆಯಂತೆ. ಹೊರಡುವ ದಿನ ಡೇರಿಗೆ ಬಂದಳು. ವಿಷಯ ಅವಳಿಗೂ ಗೊತ್ತಾಗಿತ್ತು; ಪರದೆಯ ಚುಕ್ಕೆಗಳನ್ನು ಮತ್ತೊಮ್ಮೆ ಕೂತು ನೋಡಿದರೆ ಸಾಕಾಗಿತ್ತು.

“ನಮ್ಮಮ್ಮಂಗೂ ಇಂತ ನೆಪ ಒಂದೈತೆ ಸಾರ್” ಎಂದಳು. “ನಮ್ಮಪ್ಪನ ಕಡೆಯೋರ ಮನೇಗೆ ಓಗ್ಬೇಕು ಅಂದ ದಿನ ಬೀಪಿ ಜಾಸ್ತಿ ಆಯ್ತದೆ. ನಾನು ನಿಜ ಬೀಪಿ ಅನ್ಕಂಡು ಮೈಸೂರಿಗೆಲ್ಲ ಕರ್ಕಂಡ್ ಓಗಿ ತೋರ್ಸಿದ್ದೆ.” ಆಮೇಲೆ ನಗು ತಡೆದುಕೊಂಡು, ಚುಕ್ಕಿ ಯಂತ್ರಕ್ಕೆ ಸಹಕರಿಸಲಿಲ್ಲ ಎಂದು ವರದಿ ಬರೆಯುವುದಾಗಿ ಹೇಳಿದಳು. ನಾನು ಸೊಸೈಟಿಯ ಪರವಾಗಿ ಸೀಲು ಹಾಕಿಕೊಟ್ಟೆ.

ಬೀಗರೂಟದ ದಿನ ಮಂಗಳಮ್ಮ ಬೆಳಗಿನ ಹಾಲು ಹಾಕಿ, ರೇಷ್ಮೆ ಸೀರೆ ಉಟ್ಟು, ಎರಡು ಬಸ್ಸು ಬದಲಾಯಿಸಿ ದೇವಲಾಪುರಕ್ಕೆ ಹೋದಳು. ಅಡುಗೆಗೆ ಹೋದರೆ ದಿನಗಟ್ಟಲೆ ಬೇಕು, ಊಟಕ್ಕೆ ಹೋದರೆ ಒಂದು ಹಗಲು ಸಾಕು. ಪುಟ್ಟತಾಯಮ್ಮ ಅವಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತಳಂತೆ. ಕಂಟ್ರಾಕ್ಟಿನ ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟುಗಳಿದ್ದವಂತೆ. ಮಂಗಳಮ್ಮ ಒಂದೊಂದನ್ನೂ ಬೆರಳಲ್ಲಿ ಹುಡುಕಿ ಎಲೆಯ ಅಂಚಿಗೆ ಇಟ್ಟು, “ಮುದ್ದೆ ಸಂದಾಗೈತೆ ಅತ್ಗೆ” ಎಂದು ಇನ್ನೊಂದು ಹಾಕಿಸಿಕೊಂಡಳಂತೆ. ತಮ್ಮಯ್ಯ ಇದನ್ನು ಡೇರಿಯಲ್ಲಿ ನಿಂತು ದುಃಖದಿಂದ ಹೇಳಿದ.

ಸಂಜೆ ಹಾಲಿಗೆ ಸರಿಯಾಗಿ ಅವಳು ವಾಪಸ್ಸು ಬಂದಿದ್ದಳು. ಆ ಹೊತ್ತಿಗೆ ನಾನು ಕೊಟ್ಟಿಗೆಯಲ್ಲಿದ್ದೆ, ಯಾಕೆ ಹೋಗಿದ್ದೆ ಎಂದು ಕೇಳಬೇಡಿ. ಕರೆದು ಮುಗಿಸಿ ಪಾತ್ರೆ ಎತ್ತಿಟ್ಟಳು. ಗೂಟದಿಂದ ಟವಲು ತೆಗೆದು ಚುಕ್ಕಿಯ ಬೆನ್ನಿಗೆ ಹೊದಿಸಿದಳು.

“ಇನ್ನೂ ಯಾಕೆ ಮಂಗಳಕ್ಕ?” ಎಂದೆ. “ನಿಮ್ಮತ್ಗೇಗೆ ಎಲ್ಲಾ ತಿಳೀತಲ್ಲ.”

“ಅತ್ಗೇಗೆ ತಿಳೀತು.”

ಅಷ್ಟರಲ್ಲಿ ಹೊರಗಿನಿಂದ ತಮ್ಮಯ್ಯ, ಫೋನು ಕಿವಿಯಲ್ಲಿ ಇಟ್ಟುಕೊಂಡೇ, ಕೂಗಿ ಹೇಳಿದ. “ಏ ಮಂಗಳ, ಅರಕೆರೆ ಚಿಕ್ಕಪ್ಪನ ಮನೇಲಿ ತಿಥಿ ಅಂತೆ ಕಣೆ. ಅಕ್ಕನ ಮನೇಗ್ ಓದೋಳು ನಮ್ಮನೇಗೂ ಬರ್ಲಿ, ಮುದ್ದೆ ಅವಳ್ದೇ ಆಗ್ಬೇಕು ಅಂತಾವ್ರೆ. ಏನ್ ಏಳ್ಲಿ?”

ಮಂಗಳಮ್ಮ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿದಳು. ಚುಕ್ಕಿ ಒಂದು ಸಲ ಅದುರಿತು.

“ಅಸ ಬುಡಕಿಲ್ಲ ಅಂತ ಏಳಿ” ಎಂದಳು.